ನೀರು ಬಿಟ್ಟಾರೇನ್ರಿ?

2005ರ ಏಪ್ರಿಲ್‌ನ ಒಂದು ಮಂಗಳವಾರ ಮಧ್ಯಾಹ್ನ, ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಮಹಡಿಯಿಂದ ಇಳಿದು ಬಂದು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಸತ್ಯವನ್ನೇ ಹೇಳಿದೆ. ಮರುದಿನ ಬೆಳಿಗ್ಗೆ ಮನೆ ಖಾಲಿ ಮಾಡಬೇಕೆಂಬ ಸೂಚನೆ ಬಂತು.

ಸುದ್ದಿಯ ಸಾರವನ್ನು ಮೊದಲ ಪ್ಯಾರಾದಲ್ಲೇ ಕೊಟ್ಟುಬಿಡುವುದು ನನ್ನ ಕಸುಬಿನ ಅಭ್ಯಾಸ. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ವರದಿಗಾರರು ಬರೆದು ಕಳಿಸಿದ್ದನ್ನು ತಿದ್ದುವುದು ನನ್ನ ಕೆಲಸ. ಅದರಲ್ಲೂ ಕರ್ತೃಪದ ಇಲ್ಲದ ವಾಕ್ಯಗಳನ್ನು ಹಿಡಿಯುವುದರಲ್ಲಿ ನನಗೆ ಹೆಸರಿತ್ತು. 'ಕಲ್ಲು ತೂರಿದರು' ಎಂದು ಬರೆದವನನ್ನು ಮೇಜಿನ ಬಳಿಗೆ ಕರೆದು "ಯಾರಪ್ಪಾ ತೂರಿದ್ದು, ನೀನಾ, ನಾನಾ?" ಎಂದು ಕೇಳುತ್ತಿದ್ದೆ. ಹೊಸಬರು ನನ್ನ ಮೇಜನ್ನು ಸುತ್ತು ಹಾಕಿಕೊಂಡು ಕ್ಯಾಂಟೀನಿಗೆ ಹೋಗುತ್ತಿದ್ದರು. ನನಗೆ ವಾರದ ರಜೆ ಮಂಗಳವಾರ. ಆ ದಿನ ನೆಂಟರಿಷ್ಟರೆಲ್ಲ ಕೆಲಸದಲ್ಲಿರುತ್ತಾರೆ, ಮದುವೆಗಳೂ ಕಡಿಮೆ. ಹೀಗಾಗಿ ನಾನು ಹಾವನೂರು ಸರ್ಕಲ್ ಹತ್ತಿರದ ಅಂಗಡಿಯಿಂದ ಡಿಸ್ಕ್ ತಂದು ಸಿನಿಮಾ ನೋಡುವವನಾದೆ.

ಸಿನಿಮಾ ವಿಚಾರದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ನನ್ನ ಹೆಂಡತಿ ಸುಧಾ ಮೇಷ್ಟ್ರು. ಮೇಡಂ ಅನ್ನಬೇಕು, ಆದರೆ ಮನೆಯೊಳಗೆ ಅವಳು ಮೇಷ್ಟ್ರೇ. ಅವಳಿಗೆ ಹಾಲಿವುಡ್ಡಿನ ಮಹಾಶಕ್ತಿ ನಾಯಕರ ಭಾರಿ ಚಿತ್ರಗಳು ಇಷ್ಟ. "ಕರೆದ ತಕ್ಷಣ ಬಂದು ಕೆಲಸ ಮುಗಿಸಿಕೊಟ್ಟು, ಕಾಫಿ ಕೂಡ ಕೇಳದೆ ಹೋಗ್ತಾನೆ. ಅಂಥ ಒಬ್ಬ ಎಲೆಕ್ಟ್ರಿಷಿಯನ್‌ನ ಈ ಏರಿಯಾದಲ್ಲಿ ತೋರಿಸಿ ನೋಡೋಣ" ಎನ್ನುವುದು ಅವಳ ವಾದ. ನನ್ನ ಆಕ್ಷೇಪಗಳು ಬೇರೆ. ಊರು ಉಳಿಸಲು ಬಂದವನು ಅರ್ಧ ಊರನ್ನು ಕೆಡವಿ ಹೋಗುತ್ತಾನೆ, ಅವಶೇಷ ಯಾರು ಎತ್ತಿದರು ಎಂಬುದರ ಬಗ್ಗೆ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲಿಲ್ಲ. ಖಳನಾಯಕ ತನ್ನ ಪೂರ್ತಿ ಯೋಜನೆಯನ್ನು ಶತ್ರುವಿನ ಮುಂದೆ ಪತ್ರಿಕಾಗೋಷ್ಠಿ ಕರೆದವನಂತೆ ವಿವರಿಸುತ್ತಾನೆ. ಇನ್ನು ಆ ಮೈಗಂಟಿದ ಬಣ್ಣದ ಉಡುಪು. ಅದನ್ನು ಒಗೆಯುವವರು ಯಾರು, ಒಣಗಿಸುವುದು ಯಾವ ತಂತಿಯ ಮೇಲೆ? ನಮ್ಮ ಬೀದಿಯಲ್ಲಾದರೆ ಟೆರೇಸಿನಲ್ಲಿ ಅಂಥದ್ದೊಂದು ನೇತಾಡಿದ ಅರ್ಧ ಗಂಟೆಯೊಳಗೆ ಅವನ ಗುಟ್ಟು ಹಾಲಿನ ಬೂತಿನವರೆಗೆ ಹೋಗಿರುತ್ತಿತ್ತು.

ನನ್ನ ಪಕ್ಷ ಜಪಾನಿನ ಬಡ ದೆವ್ವದ ಚಿತ್ರಗಳದ್ದು. ಬಡ ಎಂದದ್ದು ಖರ್ಚಿನ ಲೆಕ್ಕದಲ್ಲಿ. ಒಂದು ಹಳೆಯ ಮನೆ, ಮಿಣುಕುವ ಒಂದು ಟ್ಯೂಬ್‌ಲೈಟು, ಮುಖದ ಮೇಲೆ ಕೂದಲು ಇಳಿಬಿಟ್ಟ ಒಬ್ಬ ಹೆಂಗಸು, ಇಷ್ಟರಲ್ಲೇ ಮುಗಿಸುತ್ತಾರೆ. ಮುಕ್ಕಾಲು ಗಂಟೆ ಏನೂ ಆಗುವುದಿಲ್ಲ. ಯಾರೋ ನಡೆದಂತಾಯಿತು, ಬಾಗಿಲು ಸರಿದಂತಾಯಿತು, ಅಷ್ಟೇ. ಯಾರು ಸರಿಸಿದರು ಎಂದು ಹೇಳುವುದೇ ಇಲ್ಲ. ಇದರ ಮೇಲೆ ನಾನು ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡಿದ್ದೆ. ಮಹಾಶಕ್ತಿ ಚಿತ್ರವೆಂದರೆ ಬರೀ ಕರ್ತೃಪದವಿರುವ ವಾಕ್ಯ, ಜಪಾನಿ ದೆವ್ವದ ಚಿತ್ರವೆಂದರೆ ಕರ್ತೃಪದವೇ ಇಲ್ಲದ ವಾಕ್ಯ. ಮೊದಲನೆಯದಕ್ಕೆ ಯಾರೂ ಹೆದರುವುದಿಲ್ಲ, ಎರಡನೆಯದಕ್ಕೆ ಹೆದರದವರಿಲ್ಲ. ಕಚೇರಿಯಲ್ಲಿ ಇದನ್ನು ನಾಲ್ಕಾರು ಸಲ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆ. ಮೆಚ್ಚಿದವರೆಲ್ಲ ನನಗಿಂತ ಕಿರಿಯರು ಎಂಬುದನ್ನೂ ದಾಖಲಿಸಬೇಕು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಸುಧಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಬೆಳಿಗ್ಗೆಯೇ ಶಾಲೆಗೆ ಹೋಗಿದ್ದಳು. ನಾನು ಹಾಕಿದ್ದ ಚಿತ್ರದಲ್ಲಿ ದೆವ್ವಕ್ಕಿಂತ ಮುಖ್ಯ ಪಾತ್ರ ಒಂದು ನಲ್ಲಿಯದು. ಅದು ತೊಟ್ಟಿಕ್ಕುತ್ತಲೇ ಇರುತ್ತದೆ. ಟಪ್, ನಿಶ್ಶಬ್ದ, ಮತ್ತೆ ಟಪ್. ಇಂಥ ಚಿತ್ರಗಳ ಸದ್ದು ಟಿವಿಯಲ್ಲಿ ಸಾಲುವುದಿಲ್ಲವೆಂದು ಹಳೆಯ ಟೇಪ್‌ರೆಕಾರ್ಡರಿನ ಎರಡು ದೊಡ್ಡ ಸ್ಪೀಕರುಗಳನ್ನು ಜೋಡಿಸಿಕೊಂಡಿದ್ದೆ. ಬಾಗಿಲು ಬಡಿದ ಸದ್ದಾಯಿತು. ಮೊದಲು ಅದೂ ಚಿತ್ರದ್ದೇ ಎಂದುಕೊಂಡೆ. ನೋಡಿದರೆ ಮಾಲೀಕರಾದ ರುದ್ರಪ್ಪನವರು. ದಾವಣಗೆರೆ ಕಡೆಯವರು, ಸರ್ಕಾರಿ ಸೇತುವೆಗಳನ್ನು ಕಟ್ಟಿಸಿ ನಿವೃತ್ತರಾದ ಎಂಜಿನಿಯರ್, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಹಿರಿಯರು ಮನೆಗೆ ಬಂದಾಗ ಟಿವಿ ಆರಿಸಬೇಕೆಂಬುದು ನಮ್ಮ ತಂದೆ ಕಲಿಸಿದ ಶಿಸ್ತು. ಟಿವಿ ಆರಿಸಿಯೇ ಬಾಗಿಲು ತೆಗೆದೆ.

ಅವರು ಬಾಗಿಲಲ್ಲೇ ನಿಂತು ಒಂದು ಗಳಿಗೆ ಕಿವಿಗೊಟ್ಟು, "ನೀರು ಬಿಟ್ಟಾರೇನ್ರಿ?" ಎಂದರು.

ಆಗ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಸಂಪಿನ ಕೊಳವೆ ನಮ್ಮ ಅಡುಗೆಮನೆಯ ಕಿಟಕಿಯ ಕೆಳಗಿತ್ತಾದ್ದರಿಂದ, ನೀರು ಬಂದ ಸುದ್ದಿಯನ್ನು ಮಹಡಿಗೆ ಮುಟ್ಟಿಸುವುದು ನಮ್ಮ ಪಾಲಿನ ಕರ್ತವ್ಯ. ಆ ದಿನ ಚಿತ್ರದ ಗುಂಗಿನಲ್ಲಿ ಅದನ್ನು ಮರೆತಿದ್ದ ನಾನು ಖುಷಿಯಿಂದಲೇ "ಹೂಂ ಸಾರ್, ಬೆಳಗ್ಗೆಯಿಂದ ಬಿಟ್ಟಿದಾರೆ" ಎಂದೆ.

"ಬೆಳಗ್ಗಿಂದ?"

"ಹೌದು ಸಾರ್. ಸಂಜೆವರೆಗೂ ಇರುತ್ತೆ ಅನ್ಸುತ್ತೆ."

"ಬಂದ್ ಮಾಡಂಗಿಲ್ಲೇನ್ರಿ?"

"ಅದು ನಮ್ಮ ಕೈಲಿಲ್ವಲ್ಲ ಸಾರ್. ಅವ್ರು ಬಿಟ್ಟಾಗ ಬಿಟ್ರು, ನಿಲ್ಲಿಸಿದಾಗ ನಿಲ್ಲಿಸಿದ್ರು."

ರುದ್ರಪ್ಪನವರು, "ಒಂದು ಮಾತು ಹೇಳಬೇಕಪ್ಪಾ ನೀವು" ಎಂದರು.

"ಹೇಳಿದ್ರೆ ಬೈಸ್ಕೊಳ್ಳೋದೇ ಸಾರ್. ಹೋದ ತಿಂಗಳು ಫೋನ್ ಮಾಡಿ ಅನ್ನಿಸ್ಕೊಂಡಿದೀನಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಕಷ್ಟ ಐತ್ರಿ ನಿಮ್ದು" ಎಂದು ಹೇಳಿ ಮೆಟ್ಟಿಲು ಹತ್ತಿದರು. ಸಜ್ಜನರು, ನೀರಿನ ಇಲಾಖೆಯ ಮೇಲಿನ ನನ್ನ ಸಿಟ್ಟು ಅವರಿಗೆ ಅರ್ಥವಾಯಿತು ಎಂದುಕೊಂಡು ಟಿವಿ ಹಚ್ಚಿದೆ. ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು.

ಮರುದಿನ ಬೆಳಿಗ್ಗೆ ರುದ್ರಪ್ಪನವರ ಹೆಂಡತಿ ಗೌರಮ್ಮನವರು ಸುಧಾಳನ್ನು ಕಾಂಪೌಂಡಿನ ಬಳಿ ಕರೆದು, "ಜೂನ್‌ಗೆ ಅಗ್ರಿಮೆಂಟ್ ಮುಗಿತೈತಲ್ಲಮ್ಮ, ಬ್ಯಾರೆ ಮನಿ ನೋಡ್ಕೊಳ್ರಿ ಅಂತಾರ ನಮ್ಮನಿಯವ್ರು. ನಿಮ್ಮ ಯಜಮಾನ್ರ ಮ್ಯಾಲೆ ಸಿಟ್ಟಿಲ್ಲಂತ. ಪಾಪದ ಮನಷ್ಯಾ ಅಂದ್ರು" ಎಂದರಂತೆ.

ಸುಧಾ ಒಳಗೆ ಬಂದು ಕುರ್ಚಿಯಲ್ಲಿ ಕುಳಿತುಬಿಟ್ಟಳು. ಅವಳು ಕುಳಿತದ್ದಕ್ಕೆ ಕಾರಣವಿತ್ತು. ಅದಕ್ಕೆ ಮೊದಲು ನಾವಿದ್ದದ್ದು ಬ್ಯಾಡರಹಳ್ಳಿಯಲ್ಲಿ. ಅಲ್ಲಿಂದ ಅವಳು ಎರಡು ಬಸ್ಸು ಬದಲಿಸಿ, ಮಾಗಡಿ ರಸ್ತೆಯ ಧೂಳು ಕುಡಿದು ಶಾಲೆ ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಈ ಮನೆಯಿಂದ ಶಾಲೆಯ ಗಂಟೆ ಕೇಳಿಸುತ್ತದೆ. ಗಂಟೆ ಹೊಡೆದ ಮೇಲೆ ಹೊರಟರೂ ನಡೆಯುತ್ತದೆ ಎಂಬುದು ಅವಳ ಜೀವನದ ದೊಡ್ಡ ಸುಖವಾಗಿತ್ತು.

"ನಿನ್ನೆ ಅವ್ರು ಬಂದಾಗ ಏನಂದ್ರಿ? ಒಂದಕ್ಷರ ಬಿಡದೆ ಹೇಳಿ."

ಹೇಳಿದೆ. ಮಾತನ್ನು ಇದ್ದದ್ದು ಇದ್ದಂತೆ ವರದಿ ಮಾಡುವುದು ನನಗೆ ಬರುತ್ತದೆ. ಅವಳು ಪೂರ್ತಿ ಕೇಳಿ, "ಯಾರು ಬಿಟ್ಟಿದಾರೆ ಅಂದ್ರಿ?" ಎಂದಳು.

"ನೀರಿನೋರು."

"ಹಾಗಂತ ಅಂದ್ರಾ?"

ಅಂದಿರಲಿಲ್ಲ.

"ಅವ್ರು ನನ್ನ ವಿಷಯ ಕೇಳಿದ್ದು ರೀ, ಮರ್ಯಾದೆಗೆ 'ಬಿಟ್ಟಾರೆ' ಅಂದ್ರು. ನಿಮ್ಮ ಹೆಂಡ್ತಿ ನಲ್ಲಿ ಬಿಟ್ಟು ಹೋಗಿದಾಳಾ ಅಂತ. ನೀವು, ಹೌದು ಬೆಳಗ್ಗೆಯಿಂದ ಬಿಟ್ಟಿದಾಳೆ, ನಿಲ್ಲಿಸೋದು ನನ್ನ ಕೈಲಿಲ್ಲ, ಕೇಳಿದ್ರೆ ಬೈತಾಳೆ ಅಂದಿದೀರಿ." ಆಮೇಲೆ, "ಕೊನೇದು ಬೇಕಂತಲೇ ಅಂದ್ರಾ?" ಎಂದಳು.

ಇಷ್ಟಾದರೂ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ನಮ್ಮ ನಲ್ಲಿಗಳೆಲ್ಲ ಬಿಗಿಯಾಗಿರುವಾಗ ಅವರಿಗೆ ಆ ಅನುಮಾನ ಬಂದದ್ದಾದರೂ ಯಾಕೆ? ಸುಧಾ ಎದ್ದು ಹೋಗಿ ಸ್ಪೀಕರಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು.

ಅಂದು ಮಧ್ಯಾಹ್ನ ಡ್ಯೂಟಿಗೆ ಹೊರಡುವ ಮೊದಲು ದಂಪತಿಯನ್ನು ಕೆಳಗೆ ಕರೆತಂದು ಕೂರಿಸಿ ಚಿತ್ರ ಹಚ್ಚಿದೆ. ಟಪ್. ರುದ್ರಪ್ಪನವರು ನೆಟ್ಟಗೆ ಕೂತರು. "ಇದಾ. ಇದಾ ಸೌಂಡು. ಬಂದ್ ಮಾಡ್ರಿ." ನಾನು ರಿಮೋಟ್ ಎತ್ತಿಕೊಂಡೆ. "ಟೀವಿ ಅಲ್ರಿ. ಆ ನಲ್ಲಿ. ಆಕಿ ಎದ್ದು ಬಂದ್ ಮಾಡಬಾರದಾ?" ನಾನು ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಅವರು ಬಿಡಲಿಲ್ಲ. ಯಾರಾದರೂ ಆ ನಲ್ಲಿಯನ್ನು ನಿಲ್ಲಿಸುತ್ತಾರೋ ಇಲ್ಲವೋ ತಿಳಿಯುವವರೆಗೆ ಏಳುವುದಿಲ್ಲವೆಂದು ಕುರ್ಚಿಯ ಕೈ ಹಿಡಿದು ಕೂತರು. ಚಿತ್ರ ಮುಗಿಯುವ ಹೊತ್ತಿಗೆ ಕೂದಲನ್ನು ಮುಂದೆ ಹರಡಿಕೊಂಡು ದೆವ್ವ ನಡೆದು ಬಂತು. ನಾನು ಎಂದಿನಂತೆ ದಿಂಬು ಹಿಡಿದುಕೊಂಡೆ. ಗೌರಮ್ಮನವರು, "ತಲಿಗೆ ನೀರು ಹಾಕ್ಕೊಂಡಾಳ, ಸರಿಯಾಗಿ ಒರೆಸ್ಕೊಂಡಿಲ್ಲ ನೋಡ್ರಿ. ಶೀತ ಆಗ್ತೈತಿ" ಎಂದರು. ಆ ಜಾತಿಯ ಚಿತ್ರಗಳಿಗೆ ನಾನು ಹೆದರಿದ್ದು ಅದೇ ಕೊನೆ.

ರುದ್ರಪ್ಪನವರು ಎದ್ದು ಸುಧಾಳ ಕಡೆ ತಿರುಗಿ, "ತಪ್ಪು ತಿಳ್ಕೊಬ್ಯಾಡಮ್ಮ. ಇರ್ರಿ ನೀವು, ಎಷ್ಟು ವರ್ಷ ಬೇಕಾದ್ರೂ ಇರ್ರಿ" ಎಂದರು.

"ಪರವಾಗಿಲ್ಲ ಸಾರ್. ಇವ್ರು ದಿನಾ ಬೇರೆಯವರ ವಾಕ್ಯ ತಿದ್ತಾರೆ. ರಜೆ ದಿನ ಯಾರಾದ್ರೂ ಇವರದನ್ನ ತಿದ್ದಬೇಕಲ್ಲ" ಎಂದು ಸುಧಾ ನಕ್ಕಳು. ಅವಳು ಆ ಸಂತೋಷದಲ್ಲೇ ತನ್ನ ಪಕ್ಷದ ಚಿತ್ರವೊಂದನ್ನೂ ಅವರಿಗೆ ತೋರಿಸಲು ಹಚ್ಚಿದಳು. ಹಾರುವ ನಾಯಕ ಒಂದು ಸೇತುವೆಯನ್ನು ಎರಡು ತುಂಡು ಮಾಡಿದ. "ಹಂಗ ಮುರಿಯಂಗಿಲ್ರಿ ಬ್ರಿಡ್ಜು" ಎಂದು ರುದ್ರಪ್ಪನವರು ಕೈಮುಗಿದು ಎದ್ದುಹೋದರು. ನಮ್ಮ ಮನೆಯ ಎರಡು ಪಕ್ಷಗಳಲ್ಲಿ ನನ್ನದಕ್ಕೆ ಹೀಗೆ ಒಂದು ಮತ ಹೆಚ್ಚಾಯಿತು.

ಸಂಜೆ ಕಚೇರಿಗೆ ಹೋದಾಗ, ಹೊಸ ವರದಿಗಾರನೊಬ್ಬನ ಪ್ರತಿ ನನ್ನ ಮೇಜಿಗೆ ಬಂತು. 'ಕೊನೆಗೂ ನೀರು ಬಿಟ್ಟರು' ಎಂದು ಶುರುವಾಗಿತ್ತು. ನಾನು ಅವನನ್ನು ಕರೆಯಲಿಲ್ಲ. ಯಾರು ಎಂಬುದನ್ನು ನಾನೇ ಸೇರಿಸಿ ಮುಂದಕ್ಕೆ ಕಳಿಸಿದೆ.

ಜೂನ್‌ನಲ್ಲಿ ಅಗ್ರಿಮೆಂಟಿಗೆ ಸಹಿಯಾಯಿತು. ಆಮೇಲಿನ ಒಂದು ಮಂಗಳವಾರ ಮಧ್ಯಾಹ್ನ ರುದ್ರಪ್ಪನವರು ಮೆಟ್ಟಿಲ ಮೇಲಿಂದಲೇ ಬಗ್ಗಿ, "ಬಿಟ್ಟಾರೇನ್ರಿ?" ಎಂದು ಕೇಳಿದರು.

"ನೀರಾ ಸಾರ್, ಪಿಚ್ಚರಾ?" ಎಂದೆ.

"ಪಿಚ್ಚರ್" ಎಂದರು.

ನೀರು ಅಂದು ಬಂದಿರಲಿಲ್ಲ.