ಮಾವನ ಗ್ರಿಲ್ಲಿನ ಮಸಿ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಥಳಥಳಪ್ಪ ತನ್ನ ಜೀವಮಾನದ ಅತ್ಯುತ್ತಮ ಕೆಲಸವೊಂದನ್ನು ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಬಂದು ನೋಡು ಎಂದು ಹೆಂಡತಿಯನ್ನು ಕರೆದ. ಅಲ್ಲಿಗೆ ಅವನ ನೆಮ್ಮದಿಯೂ ಮುಗಿಯಿತು.

ಥಳಥಳಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅವನು ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ, ಚಾಕುಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ, ತಾರೀಖಿನ ಚೀಟಿ ಅಂಟಿಸಿ ಕಳಿಸುವ ಕೋಣೆಯಲ್ಲಿ ಹದಿನಾರು ವರ್ಷದಿಂದ ಇದ್ದವನು. ಅವನ ಕೈಯಿಂದ ಬಂದ ಚಾಕುವಿನಲ್ಲಿ ಡಾಕ್ಟರು ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು ಎಂದು ನರ್ಸಮ್ಮಂದಿರು ಆಡಿಕೊಂಡು ಇಟ್ಟ ಹೆಸರು, ಆಸ್ಪತ್ರೆಯ ಗೇಟು ದಾಟಿ ಮನೆಯವರೆಗೂ ಬಂದು ತಳವೂರಿತ್ತು. ಕಪ್ಪು ಕಲೆ ಕಣ್ಣಿಗೆ ಬಿದ್ದರೆ ಅವನ ಬೆರಳುಗಳು ಸುಮ್ಮನೆ ಕೂರುವುದಿಲ್ಲ.

ಅಂಥವನ ಮನೆಗೆ ಹತ್ತು ದಿನದ ಹಿಂದೆ ಮಾವನ ಗ್ರಿಲ್ಲು ಬಂದಿತ್ತು. ಕಾಲು ಮಡಚಿ, ಮುಚ್ಚಳ ಹಾಕಿ, ಪೆಟ್ಟಿಗೆಯ ಹಾಗೆ ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ, ಇದ್ದಿಲು ಹಾಕಿ ಸುಡುವ ಹಳೇ ಗ್ರಿಲ್ಲು. ನಲವತ್ತು ವರ್ಷದ ಹೊಗೆ, ಎಣ್ಣೆ, ಜಿಡ್ಡು ಸೇರಿ ಜಾಲರಿಯ ಒಂದೊಂದು ಕಂಬಿಯೂ ಕಿರುಬೆರಳಿನಷ್ಟು ದಪ್ಪವಾಗಿತ್ತು. ಮುಚ್ಚಳದ ಮೂಲ ಬಣ್ಣ ಯಾವುದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಮಾವ ಅದನ್ನು ತಂದು ಬಾಗಿಲಲ್ಲಿಟ್ಟು, ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಒಂದು ಗಂಟೆಗೆ ಇದರ ಮೇಲೆ ಬೆಂದ ಊಟಕ್ಕೆ ಬರುತ್ತೇನೆಂದು ಹೇಳಿ ಹೊರಟುಹೋಗಿದ್ದರು.

ಮಾವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮದುವೆಯಾಗಿ ಒಂಬತ್ತು ವರ್ಷವಾದರೂ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತು ಅವರ ಬಾಯಿಂದ ಬಿದ್ದಿರಲಿಲ್ಲ. ಬಂದಾಗಲೆಲ್ಲ "ಏನಪ್ಪಾ, ತೊಳೆಯೋದು ನಡೀತಿದೆಯಾ" ಎಂದು ಕೇಳಿ ಪೇಪರ್ ಬಿಡಿಸುತ್ತಿದ್ದರು. ಅವರ ಬಾಯಿಂದ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂಬುದು ಥಳಥಳಪ್ಪನ ಬಹುದಿನದ ಆಸೆ. ಆ ಆಸೆಯಿಂದಲೇ ಅವನು ಬೆಳಗಿನ ಜಾವ ಎದ್ದು, ಗ್ರಿಲ್ಲನ್ನು ಬಿಚ್ಚಿ, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಮೂರು ಸಲ ನೆನೆಹಾಕಿ, ಸಂದುಗೊಂದುಗಳಿಗೆ ಹಲ್ಲುಜ್ಜುವ ಬ್ರಷ್ಷು ಹಾಕಿ ಉಜ್ಜಿ ತೆಗೆದಿದ್ದ. ಜಾಲರಿ ಬೆಳ್ಳಿಯಾಗಿತ್ತು. ಮುಚ್ಚಳ ಅಚ್ಚ ಹಸಿರು ಎಂದು ಗೊತ್ತಾಗಿತ್ತು. ಬಿಡಿಭಾಗಗಳನ್ನು ಉದ್ದದ ಪ್ರಕಾರ ಬಿಳಿ ಟವೆಲ್ಲಿನ ಮೇಲೆ ಜೋಡಿಸಿ, ಅಭ್ಯಾಸಬಲದಿಂದ ಪಕ್ಕದಲ್ಲಿ ತಾರೀಖಿನ ಚೀಟಿಯನ್ನೂ ಇಟ್ಟಿದ್ದ.

ಹೆಂಡತಿ ಬಂದು ನೋಡಿದಳು. ಕೈಯಲ್ಲಿದ್ದ ಕಾಫಿ ಲೋಟವನ್ನು ನಿಧಾನವಾಗಿ ನೆಲಕ್ಕಿಟ್ಟು ತಾನೂ ಅದರ ಪಕ್ಕದಲ್ಲಿ ಕೂತುಬಿಟ್ಟಳು.

"ರೀ, ಅಪ್ಪ ಇದಕ್ಕೆ ನಲವತ್ತು ವರ್ಷ ಒಂದು ಹನಿ ನೀರು ಸೋಕಿಸೋಕೆ ಬಿಟ್ಟಿರ್ಲಿಲ್ಲ."

ಅವಳು ಉಳಿದದ್ದನ್ನೂ ಹೇಳಿದಳು. ಅವಳು ಚಿಕ್ಕವಳಿದ್ದಾಗ ಅಮ್ಮ ಒಮ್ಮೆ ಇದನ್ನು ಉಜ್ಜಲು ಕೂತಿದ್ದಕ್ಕೆ ಅಪ್ಪ ನಾಲ್ಕು ದಿನ ಮಾತು ಬಿಟ್ಟಿದ್ದರಂತೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲವಂತೆ. ರುಚಿಯೆಲ್ಲ ಆ ಮಸಿಯಲ್ಲೇ ಇರಬೇಕು, ಅದಕ್ಕೇ ಅಪ್ಪನಿಗೆ ಅದು ಪ್ರಾಣ ಎಂಬುದು ಅವಳ ತೀರ್ಮಾನ. ಥಳಥಳಪ್ಪ ಮೋರಿಯ ಕಡೆ ನೋಡಿದ. ಮಾವನ ಪ್ರಾಣ ಕಪ್ಪು ನೀರಾಗಿ ಹರಿದುಹೋಗಿ ಗಂಟೆಯೇ ಆಗಿತ್ತು.

ಉಳಿದಿದ್ದದ್ದು ಒಂದೇ ದಾರಿ. ನಲವತ್ತು ವರ್ಷದ ಮಸಿಯನ್ನು ಐದು ತಾಸಿನೊಳಗೆ ಮತ್ತೆ ಹಿಡಿಸಬೇಕು.

ಗ್ರಿಲ್ಲನ್ನು ಹಿತ್ತಲಿಗೆ ಒಯ್ದು, ಜಾಲರಿಗೆ ಎಣ್ಣೆ ಬಳಿದು, ಇದ್ದಿಲು ಹೊತ್ತಿಸಲು ಹೋದರೆ ಇದ್ದಿಲು ಹಸಿ. ಹೊಗೆ ಬಂತು, ಬೆಂಕಿ ಬರಲಿಲ್ಲ. ಹೊಗೆಯ ಹಿಂದೆಯೇ ಹಿಂಬದಿಯ ಮನೆಯ ಫೈರ್ ಸಾಹೇಬರು ಬಂದರು. ಅಗ್ನಿಶಾಮಕ ದಳದಿಂದ ನಿವೃತ್ತರಾಗಿ ಆರು ವರ್ಷವಾದರೂ ಹೊಗೆ ಕಂಡರೆ ಅವರ ಕಾಲು ತಾನೇ ಓಡುತ್ತಿತ್ತು. ವಿಷಯ ಕೇಳಿ, ಬೆಂಕಿ ಹಚ್ಚುವುದು ತನ್ನ ಇಲಾಖೆಯಲ್ಲ, ಏನಾದರೂ ಹೆಚ್ಚುಕಮ್ಮಿಯಾದರೆ ನೋಡಿಕೊಳ್ಳುತ್ತೇನೆ ಎಂದು ಬಕೆಟ್ಟು ತುಂಬಿಸಿ ಕುರ್ಚಿ ಹಾಕಿಕೊಂಡು ಕೂತರು.

ಬೆಂಕಿ ಹಚ್ಚಿಕೊಟ್ಟದ್ದು ಪಕ್ಕದ ಮನೆಯ ಪಾರ್ಲರ್ ಅಕ್ಕ. ಗೋಡೆಯ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಆಕೆ, ಕೂದಲು ಒಣಗಿಸುವ ಡ್ರೈಯರನ್ನು ಉದ್ದ ವೈರಿನ ಸಮೇತ ತಂದು ಗಾಳಿಕಿಂಡಿಗೆ ಹಿಡಿದರು. ಒಂದೇ ನಿಮಿಷದಲ್ಲಿ ಇದ್ದಿಲು ಕೆಂಪಗಾಯಿತು. ಇನ್ನೊಂದು ನಿಮಿಷಕ್ಕೆ ಜಾಲರಿಯ ಎಣ್ಣೆ ಭಗ್ಗೆಂದು ಹೊತ್ತಿಕೊಂಡಿತು. ಫೈರ್ ಸಾಹೇಬರು ಇದಕ್ಕೇ ಕಾದಿದ್ದವರಂತೆ ಎದ್ದು ಇಡೀ ಬಕೆಟ್ಟನ್ನು ಸುರಿದರು. ಬೆಂಕಿ ಆರಿತು, ಡ್ರೈಯರೂ ಆರಿತು, ಪಾರ್ಲರ್ ಅಕ್ಕನ ತಲೆಯಿಂದ ಬೂದಿನೀರು ಇಳಿಯತೊಡಗಿತು. ಎಣ್ಣೆಯ ಬೆಂಕಿಗೆ ನೀರು ಹಾಕಬಾರದೆಂದು ಸ್ಕೂಲುಗಳಿಗೆ ಹೋಗಿ ಪಾಠ ಹೇಳಿದ್ದವರು ಇದೇ ಸಾಹೇಬರು.

ಥಳಥಳಪ್ಪ ತಲೆಯ ಮೇಲೆ ಕೈ ಹೊತ್ತು ನೋಡಿದ. ತೊಳೆದ ಜಾಲರಿ ಮತ್ತೆ ಥಳಥಳ ಹೊಳೆಯುತ್ತಿತ್ತು. ಗಂಟೆ ಹತ್ತೂಕಾಲು.

ಒಣ ಇದ್ದಿಲು ತಂದು ಎರಡನೇ ಸಲ ಹೊತ್ತಿಸುವಾಗ ಮೇಲ್ಮನೆಯ ಡ್ರಾಯಿಂಗ್ ಮೇಷ್ಟ್ರು ಉಸ್ತುವಾರಿಗೆ ಇಳಿದುಬಂದರು. ಬಣ್ಣದ ವಿಷಯದಲ್ಲಿ ಮಾತನಾಡುವ ಹಕ್ಕು ಈ ಬೀದಿಯಲ್ಲಿ ತನಗೊಬ್ಬನಿಗೇ ಎಂಬುದು ಅವರ ನಂಬಿಕೆ. ನಲವತ್ತು ವರ್ಷದ ಕಪ್ಪು ಒಂದೇ ಕಪ್ಪಲ್ಲ, ಅದರಲ್ಲಿ ಕಂದು ಉಂಟು, ನೀಲಿ ಉಂಟು, ಅದನ್ನು ಪದರಪದರವಾಗಿ ಕಟ್ಟಬೇಕು ಎಂದರು. ಅವರ ಲೆಕ್ಕದ ಪ್ರಕಾರ ಜಾಲರಿಗೆ ತೆಳುವಾಗಿ ಎಣ್ಣೆ ಬಳಿದು ಸುಡುವುದು, ಆರಿಸುವುದು, ಮತ್ತೆ ಬಳಿಯುವುದು ಒಂಬತ್ತು ಸುತ್ತು ನಡೆಯಿತು. ಮುಚ್ಚಳದ ಹೊರಮೈಗೆ ಅವರೇ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬೆರಳಿಂದ ತೀಡಿ, ಅಲ್ಲಲ್ಲಿ ಬ್ರಷ್ಷಿನಿಂದ ಜಿಡ್ಡಿನ ಹನಿಗಳನ್ನೂ ಇಳಿಸಿದರು. ಥಳಥಳಪ್ಪ ಮುಖ ಆಚೆ ತಿರುಗಿಸಿಕೊಂಡು ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ. ತನ್ನ ಕೈಯಾರೆ ಒಂದು ವಸ್ತುವನ್ನು ಕೊಳಕು ಮಾಡಿದ್ದು ಅವನಿಗೆ ಇದೇ ಮೊದಲು.

ಆದರೂ ಹನ್ನೆರಡರ ಹೊತ್ತಿಗೆ ಏನೋ ಒಂದು ಹದ ಬಂತು. ಇದ್ದಿಲು ಮೇಲೆ ಬಿಳಿ ಬೂದಿ ಹೊದ್ದು, ಒಳಗೆ ಕೆಂಪಗೆ ಉಸಿರಾಡತೊಡಗಿತು. ಕಪ್ಪಾದ ಕಂಬಿಗಳ ಮೇಲೆ ಹೆಂಡತಿ ಮಸಾಲೆ ಹಚ್ಚಿದ ಕೋಳಿ ತುಂಡು, ಸೀಳಿದ ಬದನೆಕಾಯಿ, ಜೋಳದ ತೆನೆ ಇಟ್ಟಳು. ಒಂದೂ ಅಂಟಲಿಲ್ಲ. ಕೊಬ್ಬು ಕರಗಿ ಕೆಂಡದ ಮೇಲೆ ಚುಂಯ್ ಎನ್ನುತ್ತಿದ್ದಂತೆ ಎದ್ದ ಘಮಕ್ಕೆ ಫೈರ್ ಸಾಹೇಬರು ಬಕೆಟ್ಟು ಕೆಳಗಿಟ್ಟರು, ತಲೆ ತೊಳೆದುಕೊಂಡು ಬಂದ ಪಾರ್ಲರ್ ಅಕ್ಕ ಡ್ರೈಯರನ್ನು ಕ್ಷಮಿಸಿದರು. ಥಳಥಳಪ್ಪ ತೆನೆ ತಿರುವುತ್ತ, ಮುಚ್ಚಳ ಎತ್ತಿ ಇಳಿಸುತ್ತ, ಯಾವ ಮೂಲೆಯಲ್ಲಿ ಕಾವು ಹೆಚ್ಚು ಎಂದು ಕೈಯಿಂದಲೇ ತಿಳಿಯುತ್ತ ಹೋದ. ಬೆಳಗ್ಗೆ ಎಂಟರಿಂದ ಈಚೆಗೆ ಮೊದಲ ಬಾರಿಗೆ ಅವನಿಗೆ ಖುಷಿಯಾಯಿತು.

ಸರಿಯಾಗಿ ಒಂದು ಗಂಟೆಗೆ ಮಾವ ಬಂದರು. ಕುರ್ಚಿ ಎಳೆದು ಕೂತು ತಿಂದರು. ಕೋಳಿ ಮೂರು ತುಂಡು, ತೆನೆ ಎರಡು, ಬದನೆಕಾಯಿಗೆ ಲೆಕ್ಕವಿಲ್ಲ. ಬೆರಳು ನೆಕ್ಕಿಕೊಂಡು ಎದ್ದು ಗ್ರಿಲ್ಲಿನ ಹತ್ತಿರ ಹೋದರು. ಕನ್ನಡಕ ಏರಿಸಿದರು. ಒಂದು ಸುತ್ತು ಹಾಕಿದರು. ಬಗ್ಗಿ ಮುಚ್ಚಳದ ಮೇಲಿನ ಜಿಡ್ಡಿನ ಹನಿಗಳನ್ನು ನೋಡಿದರು.

"ಹತ್ತು ದಿನ ಆಯ್ತಲ್ಲಪ್ಪಾ," ಎಂದರು ಮಾವ. "ಒಂದು ಸಲನಾದ್ರೂ ಉಜ್ಜಬೇಕು ಅಂತ ಅನ್ನಿಸಲಿಲ್ವಾ ನಿನಗೆ?"

ಮಾವ ಕುರ್ಚಿಗೆ ಮರಳಿ, ನೊಂದ ದನಿಯಲ್ಲಿ ಹೇಳಿಕೊಂಡರು. ಇದರ ಮಸಿಯನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲವಂತೆ. ಅತ್ತೆ ಇಟ್ಟಿಗೆಪುಡಿ ಹಾಕಿ ಉಜ್ಜಲು ಹೋಗಿ ಮುಚ್ಚಳಕ್ಕೆ ಗೀರು ಬೀಳಿಸಿದ್ದಕ್ಕೇ ಆ ಜಗಳವಂತೆ. ಕಬ್ಬಿಣದ ಮರ್ಯಾದೆ ಗೊತ್ತಿರುವವನು ಸಿಗುವವರೆಗೆ ಯಾರೂ ಮುಟ್ಟುವುದು ಬೇಡವೆಂದು ಕಾದಿದ್ದರಂತೆ.

"ಪಾರ್ಕಿನಲ್ಲಿ ನನ್ನ ಜೊತೆ ಕೂರೋರನ್ನ ಕೇಳು. ನನ್ನ ಅಳಿಯನ ಹಾಗೆ ತೊಳೆಯೋ ಕೈ ಇನ್ನೊಂದಿಲ್ಲ ಅಂತ ಒಂಬತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ. ಈಗ ಏನು ಮುಖ ಇಟ್ಕೊಂಡು ಹೋಗ್ಲಿ?"

ಒಂಬತ್ತು ವರ್ಷ! ಥಳಥಳಪ್ಪನಿಗೆ ಬೇಕಾದ ಭೇಷ್ ಅಷ್ಟು ಕಾಲವೂ ಪಾರ್ಕಿನ ಬೆಂಚಿನ ಮೇಲೆ ಬೀಳುತ್ತಲೇ ಇತ್ತು, ಅದು ಕಿವಿಗೆ ಬಿದ್ದ ದಿನವೇ ಕೈತಪ್ಪಿತ್ತು. ಬೆಳಗ್ಗೆ ಬೆಳ್ಳಿಯ ಹಾಗೆ ಮಾಡಿದ್ದೆ ಮಾವ ಎಂದು ಅವನು ತೊದಲಿದ. ಫೈರ್ ಸಾಹೇಬರು ಹೌದು, ನಾನೇ ಕಣ್ಣಾರೆ ಕಂಡೆ ಎಂದರು. ಪಾರ್ಲರ್ ಅಕ್ಕ ಮುಖ ಕಾಣುತ್ತಿತ್ತು ಎಂದು ಆಣೆ ಇಟ್ಟರು. ಮಾವ ಮೂವರನ್ನೂ ಕರುಣೆಯಿಂದ ನೋಡಿ, ಅಕ್ಕಪಕ್ಕದವರು ಇಷ್ಟು ಒಳ್ಳೆಯವರು ಸಿಗುವುದು ಪುಣ್ಯ ಎಂದರು. ಮಗಳ ಮುಖ ನೋಡಿದರು. ಆಕೆ ಆಗಲೇ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ನಡೆದಿದ್ದಳು.

ಹೊರಡುವಾಗ ಮಾವ ಗೇಟಿನ ಹತ್ತಿರ ನಿಂತು ಸ್ವಲ್ಪ ಮೆತ್ತಗಾದರು. ಬೇಯಿಸುವ ಕೈ ಏನೋ ಚೆನ್ನಾಗಿದೆ, ಮುಂದಿನ ಭಾನುವಾರ ಪಾರ್ಕಿನ ಗೆಳೆಯರನ್ನೆಲ್ಲ ಕರೆತರುತ್ತೇನೆ, ಅಷ್ಟರೊಳಗೆ ಇದನ್ನು ಉಜ್ಜಿ ನನ್ನ ಮಾತು ಉಳಿಸು ಎಂದರು. ಒಂಬತ್ತು ವರ್ಷದಲ್ಲಿ ಮಾವ ಎರಡು ಭಾನುವಾರ ಸಾಲಾಗಿ ಬಂದದ್ದೇ ಇಲ್ಲ. ಥಳಥಳಪ್ಪ ಬೀದಿಯ ತಿರುವಿನವರೆಗೂ ಹೋಗಿ ಬೀಳ್ಕೊಟ್ಟು, ಓಡುತ್ತಲೇ ಬಂದು ನೀರು ಕಾಯಿಸಲಿಟ್ಟು, ತೋಳು ಮಡಚಿದ.

ಅರ್ಧ ಗಂಟೆ ಉಜ್ಜಿರಬೇಕು. ಮೇಲ್ಮನೆಯ ಕಿಟಕಿ ತೆರೆಯಿತು. ಡ್ರಾಯಿಂಗ್ ಮೇಷ್ಟ್ರು ತಲೆ ಹೊರಹಾಕಿ ತಮ್ಮ ಮುಚ್ಚಳವನ್ನು ಮೆಚ್ಚುಗೆಯಿಂದ ನೋಡಿದರು.

"ಸುಮ್ನೆ ಕೈ ನೋಯಿಸ್ಕೋಬೇಡಿ ಸ್ವಾಮಿ," ಎಂದರು. "ಆ ಮಸಿಗೆ ಸ್ಕೂಲ್ ಬೋರ್ಡಿಗೆ ಹಾಕೋ ವಾರ್ನಿಷ್ ಬೆರೆಸಿದ್ದೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಹೋಗಲ್ಲ."

ಥಳಥಳಪ್ಪ ಇನ್ನೂ ಆರು ದಿನ ಇದೆಯಲ್ಲ ಎಂದುಕೊಂಡು, ಹೆಂಡತಿಗೆ ದೊಡ್ಡ ಬ್ರಷ್ಷು ತರಲು ಹೇಳಿದ.