ಇಂಪಾರ್ಟೆಂಟ್ ಮಾತು ಮೊದಲು

ಇಂಗ್ಲಿಷಿನಲ್ಲಿ ನನಗೆ ಸಿಟ್ಟು ತರಿಸುವ ಪದ ಒಂದಿದ್ದರೆ ಅದು ‘ಇಂಪಾರ್ಟೆಂಟ್’. ಮಾದಾಪುರದ ನಮ್ಮ ಆಫೀಸಿನಲ್ಲಿ ಇಂಪಾರ್ಟೆಂಟ್ ಅಲ್ಲದ್ದು ಯಾವುದೂ ಇಲ್ಲ. ಸರ್ವರ್ ಕೈಕೊಟ್ಟರೂ ಇಂಪಾರ್ಟೆಂಟ್, ಫ್ರಿಜ್ಜಿನಲ್ಲಿ ಯಾರದೋ ಮೊಸರನ್ನ ಹಳಸಿದರೂ ಇಂಪಾರ್ಟೆಂಟ್. ಕೆಂಪು ಗುರುತು ಹೊತ್ತ ಮೇಲ್‌ಗಳನ್ನು ಓದಿ ಓದಿ ರೋಸಿಹೋಗಿ ಒಂದು ದಿನ ಶಪಥ ಮಾಡಿದೆ: ಇನ್ನು ನನ್ನ ಮುಂದೆ ಯಾರೇ ಬಾಯಿ ತೆರೆದರೂ ನಿಜವಾಗಿ ಇಂಪಾರ್ಟೆಂಟ್ ಆದದ್ದನ್ನು ಮೊದಲು ಹೇಳಬೇಕು, ಮಿಕ್ಕಿದ್ದು ಆಮೇಲೆ. ಮ್ಯಾನೇಜರ್ ಮೆಚ್ಚಿಕೊಂಡರು. ಹೊಗಳಿಕೆ ತಲೆಗೇರಿ, ಆ ಕಾನೂನನ್ನು ಮನೆಗೂ ತಂದೆ.

ನಾವು ಬೀದರ್ ಕಡೆಯ ಮಂದಿ. ಊರು ಬಿಟ್ಟು ಈ ಮಹಾನಗರದ ಮೆಹದಿಪಟ್ಟಣಂ ಬಡಾವಣೆಯಲ್ಲಿ ನೆಲೆಸಿ ಎಷ್ಟು ವರ್ಷವಾದರೂ ಒಂದು ಪದ್ಧತಿ ಬಿಟ್ಟಿಲ್ಲ. ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮಳೆ, ಜೋಳದ ಬೆಳೆ, ಎಲ್ಲರ ಮೊಣಕಾಲು ನೋವು ಎಲ್ಲ ಮುಗಿದು, ಎದ್ದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿದ ಮೇಲೆ “ಮತ್ತ... ಒಂದು ಮಾತಿತ್ತು” ಎಂದು ಅಸಲು ವಿಷಯ ಹೊರಬೀಳುತ್ತದೆ. ನನ್ನ ಮದುವೆಯ ಪ್ರಸ್ತಾಪವೂ ಹೀಗೆ ಹೊಸ್ತಿಲ ಮೇಲೆಯೇ ಬಂದದ್ದು.

ಕಳೆದ ವಾರ ಮಾವನವರು, ಅಂದರೆ ನನ್ನ ಹೆಂಡತಿ ಶಾಂತಾಳ ತಂದೆ, ಮನೆಗೆ ಬಂದರು. ಅಬಿಡ್ಸ್‌ನ ತಮ್ಮ ಬಟ್ಟೆ ಅಂಗಡಿ ಬಿಟ್ಟು ಸುಲಭಕ್ಕೆ ಅಲ್ಲಾಡುವ ಮನುಷ್ಯರಲ್ಲ ಅವರು. ಶಾಂತಾ ಚಹಾಕ್ಕಿಡಲು ಒಳಗೆ ಹೋದಳು. ಅವರು ಕೂತು ಟ್ರಾಫಿಕ್‌ನಿಂದ ಶುರುಮಾಡುತ್ತಿದ್ದಂತೆ ನಾನು ಕೈ ಎತ್ತಿದೆ.

“ಮಾವಾರ, ಇಂಪಾರ್ಟೆಂಟ್ ಮಾತು ಮೊದಲ ಹೇಳ್ರಿ.”

ಅವರು ಕೂತಲ್ಲಿಂದ ಎದ್ದರು. “ಏನಿಲ್ರಿ, ಸುಮ್ನ ಬಂದಿದ್ದೆ” ಎಂದವರು ಶಾಂತಾ ಹೊರಬರುವಷ್ಟರಲ್ಲಿ ಹೊರಟೇಬಿಟ್ಟಿದ್ದರು.

“ಅಪ್ಪ ಚಾ ಕುಡೀದಂಗ ಹೋದ್ರಂದ್ರ ಏನೋ ಭಾಳ ದೊಡ್ಡದೈತಿ” ಎಂದು ಶಾಂತಾ ಕಪ್ಪು ಹಿಡಿದುಕೊಂಡೇ ನಿಂತಳು. ಅವಳ ಮುಖ ನೋಡಿ ನನಗೂ ಹೆದರಿಕೆಯಾಯಿತು. ವಿಷಯ ತಿಳಿಯದೆ ಮರಳುವುದಿಲ್ಲವೆಂದು ಬಸ್ ನಿಲ್ದಾಣಕ್ಕೆ ಓಡಿದೆ. ಮಾವ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ಕೂತು, ಈ ಸಲ ನಾನೇ ಜೋಳದಿಂದ ಆರಂಭಿಸಿದೆ. ಜೋಳ ಮುಗಿಯಿತು, ಮಳೆ ಮುಗಿಯಿತು, ಮೊಣಕಾಲೂ ಮುಗಿಯಿತು. ಅಬಿಡ್ಸ್ ಬಸ್ಸುಗಳು ಬಂದು ಹೋದವು; ನಾನು ಜಗ್ಗಲಿಲ್ಲ. ಕೊನೆಗೊಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಮಾವ ತಿರುಗಿದರು.

“ಮತ್ತ... ನನಗ ಹಾರ್ಟ್ ಆಪರೇಷನ್ ಮಾಡ್ಬೇಕಂತಾರ ಡಾಕ್ಟರು. ಶಾಂತಾಗ ನೀವ ಹೇಳ್ರಿ. ನನ್ನ ಕಡಿಂದ ಆಗವಲ್ದು.”

ಬಸ್ಸು ಹೊರಟಿತು. ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ: ಮನೆಗೆ ಕಾಲಿಟ್ಟ ಕೂಡಲೇ ಹೇಳಿಬಿಡುವುದು, ಧೈರ್ಯ ತುಂಬುವುದು, ಆಸ್ಪತ್ರೆಗೆ ನಾನೇ ಜೊತೆಗೆ ಹೋಗುವುದು. ಸುತ್ತಿಬಳಸುವ ಮಾತೇ ಇಲ್ಲ. ಶಾಂತಾ ಬಾಗಿಲಲ್ಲೇ ಕಾಯುತ್ತಿದ್ದಳು.

“ಅಪ್ಪ ಏನಂದ್ರು? ಮೊದಲ ಅದನ್ನ ಹೇಳ್ರಿ.”

“ಬಸ್ಸು ಭಾಳ ತುಂಬಿತ್ತು ನೋಡು,” ಎಂದೆ. “ಬೀದರ್ ಕಡೆ ಜೋಳ ಈ ಸಲ ಚಲೋ ಬಂದೈತಂತ.”