ದೀಪ ಹಚ್ಚುವ ಹೊತ್ತಿನ ಕಳ್ಳ

...ಆ ಸಂಜೆ ಮಳೆ ಬರುತ್ತಿತ್ತು ಎಂದು ಬರೆದು, ಹೊಡೆದುಹಾಕಿದೆ. ಮಳೆ ಬಂದಿದ್ದರೆ ಫೋನ್ ಲೈನ್ ಸತ್ತಿರುತ್ತಿತ್ತು. ಲೈನ್ ಸತ್ತಿದ್ದರೆ ಕಳ್ಳ ಬರುತ್ತಿರಲಿಲ್ಲ. ಆದ್ದರಿಂದ ಮಳೆ ಇರಲಿಲ್ಲ. ನನ್ನ ನೆನಪಿನ ಯೋಗ್ಯತೆ ಇಷ್ಟು. ಉಳಿದದ್ದನ್ನೂ ಹೀಗೆ ಊಹಿಸಿಯೇ ಹೇಳುತ್ತಿದ್ದೇನೆ.

ಎರಡು ಸಾವಿರದ ಆಚೀಚೆಯ ವರ್ಷಗಳು. ಹುಣಸೂರಿನಲ್ಲಿ ಪುಟ್ಟತಾಯಮ್ಮನವರ ವಧೂವರ ಮಾಹಿತಿ ಕೇಂದ್ರ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಶಾಖೆಗಳು. ಮದುವೆಯಾಗಬೇಕಾದವರ ಎತ್ತರ, ನಕ್ಷತ್ರ, ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆಯೋ ಇಲ್ಲವೋ, ಎಲ್ಲ ವಿವರವೂ ಒಂದು ಡೇಟಾಬೇಸ್ ಸರ್ವರಿನಲ್ಲಿ. ಶಾಖೆಯವರು ಸಂಜೆ ಮೋಡೆಮ್ ಹಚ್ಚಿ ಫೋನ್ ಲೈನಿನಲ್ಲಿ, ತಮ್ಮ ತಮ್ಮ ಖಾತೆಯಿಂದ ಅದರೊಳಕ್ಕೆ ಬರುತ್ತಿದ್ದರು. ಅದನ್ನು ಕಾಯುವವನು ನಾನು. ಊರಿಗೆಲ್ಲ ಜೋಡಿ ಹುಡುಕುವ ಯಂತ್ರದ ಪಕ್ಕದಲ್ಲಿ, ನಲವತ್ತರ ಹೊಸ್ತಿಲಲ್ಲಿ ನಿಂತ ಬ್ರಹ್ಮಚಾರಿ!

ನನ್ನ ವಿವರವನ್ನೂ ಪುಟ್ಟತಾಯಮ್ಮನವರು ಅದರಲ್ಲಿ ಸೇರಿಸಿದ್ದರು. “ಇರ್ಲಿ ಕಣ್ಲಾ ನಂಜುಂಡ, ನೀನೂ ಗಂಡ್ಸೇ ತಾನೆ?” ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಯಾರ ವಿವರ ಯಾವಾಗ ತೆರೆಯಿತು ಎಂದು ಸರ್ವರ್ ಗುರುತು ಹಾಕಿಕೊಳ್ಳುವಂತೆ ಮಾಡಿದ್ದವನು ನಾನೇ. ಆದ್ದರಿಂದ ಈ ಅವಮಾನ ನನಗೆ ನಿಖರವಾಗಿ ಗೊತ್ತಿತ್ತು.

ಹೀಗಿರಲು ಒಂದು ಕಂಪ್ಯೂಟರ್ ಪತ್ರಿಕೆ ಕೈಗೆ ಬಂತು. ನಮ್ಮಂಥ ಸರ್ವರುಗಳಲ್ಲಿ ಯಜಮಾನನ ಖಾತೆಯ ಪಾಸ್‌ವರ್ಡನ್ನು ಖಾಲಿ ಬಿಟ್ಟರೆ ಕಳ್ಳರು ನುಗ್ಗುತ್ತಾರೆ, ಸರ್ವರಿನಲ್ಲೇ ಇರುವ ತೂತುಗಳಿಗೆ ಹಾಕುವ ತೇಪೆ ಜೊತೆಗಿನ ಸೀಡಿಯಲ್ಲಿದೆ ಎಂದಿತ್ತು. ನಮ್ಮದನ್ನು ನೋಡಿದೆ. ಖಾಲಿ! ಪಾಸ್‌ವರ್ಡ್ ಹಾಕೋಣ, ಬಾಗಿಲು ಭದ್ರ ಮಾಡಿದ ಹಾಗೆ, ಎಂದು ಹೋಗಿ ಕೇಳಿದೆ.

“ಮುಸ್ಸಂಜೇಲಿ ಯಾರಾರಾ ಬಾಗ್ಲಾಕ್ತಾರೇನ್ಲಾ? ದೀಪ ಅಚ್ಚೋ ಒತ್ತು. ಬರೋ ಲಕ್ಷ್ಮಿ ಅಂಗೇ ಪಿರಿಯಾಪಟ್ನಕ್ಕೆ ಓಯ್ತಾಳೆ!” ಎಂದರು ಪುಟ್ಟತಾಯಮ್ಮ.

“ಅಕ್ಕಾ, ಇದು ಮನೆ ಬಾಗ್ಲಲ್ಲ, ಸರ್ವರು.”

“ಬಾಗ್ಲು ಅಂದ್ಮೇಲೆ ಬಾಗ್ಲೇ ಕಣಪ್ಪ.”

ವಾದ ಬಿಟ್ಟು ಸರ್ವರ್ ಹಾಕಿಕೊಂಡಿದ್ದ ಗುರುತುಗಳನ್ನು ಹುಡುಕಿದೆ. ಕೆಲವು ದಿನಗಳಿಂದ ದೀಪ ಹಚ್ಚುವ ಹೊತ್ತಿಗೆ ಯಾರೋ ಆ ಖಾಲಿ ಖಾತೆಯಿಂದ ಒಳಗೆ ಬರುತ್ತಿದ್ದರು. ಒಂದೇ ಒಂದು ವಿವರ ತೆರೆದು, ಸ್ವಲ್ಪ ಹೊತ್ತು ಇದ್ದು, ಹೋಗುತ್ತಿದ್ದರು. ಯಾರ ವಿವರ? ನನ್ನದು!

ಬುದ್ಧಿ ಇರುವ ಬ್ರಹ್ಮಚಾರಿಯಾದರೆ ಬೇರೇನೋ ಯೋಚಿಸುತ್ತಿದ್ದ. ಬಂದವನು ಕಳ್ಳನೇ ಎಂದು ನಾನು ತೀರ್ಮಾನಿಸಿದೆ. ನನ್ನ ನಕ್ಷತ್ರ ಕದ್ದು ಕಳ್ಳ ಮಾಡುವುದಾದರೂ ಏನು ಎಂದು ಹೊಳೆಯಲಿಲ್ಲ.

ಆದರೂ ತಕ್ಷಣ ತೇಪೆ ಹಾಕಲಿಲ್ಲ. ಸಂಜೆಯಾದರೆ ಮೋಡೆಮ್ಮಿನ ಕೀರಲು ದನಿಗೆ ಕಾಯುತ್ತ ಕೂರುತ್ತಿದ್ದೆ. ಬಂದರು. ಇದ್ದರು. ಹೋದರು. ಆ ಹೊತ್ತಿಗೆ ತಲೆ ಬಾಚಿಕೊಂಡು ಕೂರುತ್ತಿದ್ದೆ ಎಂದೂ ನೆನಪು. ಇದು ಆಮೇಲೆ ಸೇರಿಕೊಂಡದ್ದೂ ಇರಬಹುದು. ಆ ಕೋಣೆಗೆ ನನಗಾಗಿ ಬರುತ್ತಿದ್ದ ಜೀವ ಅದೊಂದೇ ಎಂಬುದು ಮಾತ್ರ ನಿಜ.

ಕೊನೆಗೆ ಕರ್ತವ್ಯಪ್ರಜ್ಞೆ ಗೆದ್ದಿತು. ಒಂದು ಸಂಜೆ, ಮಳೆಯಿಲ್ಲದ ಸಂಜೆ, ಅವರು ಬಂದು ಹೋದ ಮೇಲೆ ಸೀಡಿ ಹಾಕಿದೆ. ತೇಪೆ ಅರ್ಧ ಹತ್ತಿತ್ತು, ಕರೆಂಟ್ ಹೋಯಿತು. ಹೆದರಲಿಲ್ಲ, ಯುಪಿಎಸ್ ಇದೆ. ಸರ್ವರ್ ಕೂಡ ಆರಿತು! ಯುಪಿಎಸ್ ಎಲ್ಲಿ? ಪಕ್ಕದ ಕೋಣೆಯಲ್ಲಿ, ಪುಟ್ಟತಾಯಮ್ಮನವರ ಟಿವಿಗೆ.

“ಧಾರಾವಾಹಿ ಕಣಪ್ಪ, ಅರ್ಧಕ್ಕೆ ನಿಲ್ಸಕ್ಕಾಯ್ತದಾ?”

ತೇಪೆ ಮಾತ್ರ ಅರ್ಧಕ್ಕೇ ನಿಂತಿತ್ತು. ಡೇಟಾಬೇಸ್ ಚಿಂದಿಯಾಗಿತ್ತು. ಆದರೆ ದೂರದೃಷ್ಟಿಯುಳ್ಳ ನಾನು ಎಲ್ಲವನ್ನೂ ನಕಲು ಮಾಡಿಟ್ಟಿದ್ದೆನಲ್ಲ! ಅದನ್ನೇ ತುಂಬಿದೆ, ತೇಪೆಯನ್ನು ಪೂರ್ತಿ ಹಾಕಿದೆ, ಯಾರನ್ನೂ ಕೇಳದೆ ಎಲ್ಲ ಖಾತೆಗಳಿಗೂ ಪಾಸ್‌ವರ್ಡ್ ಬಿಗಿದೆ. ಇರುವೆ ನುಸುಳಲೂ ಜಾಗವಿರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಹಂಪಾಪುರದಿಂದ ಫೋನ್. “ರೀ, ನನ್ ಸೊಸೇಗೇ ಗಂಡು ತೋರುಸ್ತೀರೇನ್ರೀ? ಬಾಣಂತಿ ಕಣ್ರೀ ಅವ್ಳು!”

ಆ ನಕಲು ಹಿಂದಿನ ವರ್ಷದ್ದು. ಆಮೇಲೆ ಮದುವೆಯಾದವರೆಲ್ಲ ನನ್ನ ಕೃಪೆಯಿಂದ ಮತ್ತೆ ಕುಮಾರ, ಕುಮಾರಿಯರಾಗಿದ್ದರು. ಶಾಖೆಯವರು ಶ್ರದ್ಧೆಯಿಂದ ಅವರಿಗೆಲ್ಲ ಸಂಬಂಧ ಹೊಂದಿಸತೊಡಗಿದ್ದರು.

ಪುಟ್ಟತಾಯಮ್ಮನವರು ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡರು. “ಕಟ್ಟಿದ್ ತಾಳೀನೆಲ್ಲ ಬಿಚ್ಚಾಕ್ಬುಟ್ಯಲ್ಲೋ! ಮುಸ್ಸಂಜೇಲಿ ಬಾಗ್ಲಾಕ್ಬ್ಯಾಡ ಅಂದ್ರೆ ಕೇಳುದ್ಯಾ?”

ಮನೆಮನೆಗೆ ಫೋನ್ ಮಾಡಿ, ಬೈಸಿಕೊಂಡು, ತಾಳಿಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದೆ. ಅಷ್ಟೊಂದು ಮದುವೆ ಮಾಡಿಸಿದವನಿಗೆ ಯಾರೂ ಊಟಕ್ಕೆ ಮಾತ್ರ ಕರೆಯಲಿಲ್ಲ.

ಹೊಸ ಪಾಸ್‌ವರ್ಡನ್ನು ಮೂರೂ ಶಾಖೆಗೆ, ಅವರವರ ಖಾತೆಯ ಮಟ್ಟಿಗೆ, ತಿಳಿಸಿದ್ದೆ. ಬೀಗ ಹಾಕಿದ ಮೇಲೂ ಸಂಜೆ ಎಲ್ಲರೂ ಬಂದರು, ಕೆಲಸ ಮಾಡಿದರು, ಹೋದರು. ನನ್ನ ವಿವರವನ್ನು ಯಾರೂ ತೆರೆಯಲಿಲ್ಲ. ಮರುದಿನವೂ ಇಲ್ಲ. ಬರುತ್ತಿದ್ದವರು ಯಾವ ಶಾಖೆಯ ಲೈನಿನಿಂದ ಬರುತ್ತಿದ್ದರು ಎಂಬ ಗುರುತು ಹಾಳಾದ ಡೇಟಾಬೇಸಿನ ಜೊತೆಗೇ ಹೋಗಿತ್ತು. ಮೊದಲೇ ನೋಡಬಹುದಿತ್ತು. ತಲೆ ಬಾಚುವ ಗಡಿಬಿಡಿಯಲ್ಲಿ ನೋಡಲಿಲ್ಲ!

ಕೆ.ಆರ್. ನಗರದ ಶಾಖೆಯಲ್ಲಿ ವಿಜಯಾ ಎಂಬವರಿದ್ದರು. ಸಾಲಿಗ್ರಾಮದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮುಖ ಕಂಡಿರಲಿಲ್ಲ, ಫೋನಿನಲ್ಲಿ ದನಿಯಷ್ಟೇ ಪರಿಚಯ. ದಿನಾ ಸಂಜೆ ಬರುತ್ತಿದ್ದುದು ನೀವೇನಾ ಎಂದು ನೇರವಾಗಿ ಕೇಳಿಯೇಬಿಡಲು ಧೈರ್ಯ ಮಾಡಿದೆ.

“ವಿಜಯಾ ಅವ್ರೇ, ಒಂದ್ ವಿಷ್ಯ ಕೇಳ್ಬೇಕಿತ್ತು.”

“ಕೇಳಿ ಸರ್.”

“ಪ್ರಿಂಟರ್ ಸರಿಯಾಗಿ ಕೆಲ್ಸ ಮಾಡ್ತಿದ್ಯಾ?”

“ಮಾಡ್ತಾ ಐತೆ ಸರ್.” ಸ್ವಲ್ಪ ತಡೆದು, “ಬಾಗ್ಲು ಭದ್ರ ಮಾಡ್ಬುಟ್ರಂತೆ?”

“ಹೌದು! ಇನ್ಮೇಲೆ ಯಾವ ಕಳ್ಳನೂ ಬರಂಗಿಲ್ಲ.”

“ಒಳ್ಳೇದಾಯ್ತು ಬುಡಿ ಸರ್.”

ಲೈನ್ ಕಡಿಯಿತು. ಇಟ್ಟರೋ, ಕಡಿಯಿತೋ. ಅವರು ನಿಜವಾಗಿ ತಡೆದು ಮಾತಾಡಿದರೋ, ಆ ತಡವನ್ನು ನಾನೇ ಇಷ್ಟು ವರ್ಷಗಳಲ್ಲಿ ಉದ್ದ ಮಾಡಿಕೊಂಡೆನೋ.

ಕೇಂದ್ರ ಮುಚ್ಚುವವರೆಗೂ ನಾನು ಹಾಕಿದ ಬೀಗವನ್ನು ಯಾರೂ ಒಡೆಯಲಿಲ್ಲ. ಒಡೆಯಲು ಪ್ರಯತ್ನಿಸಲೂ ಇಲ್ಲ! ಜೀವನದಲ್ಲಿ ನಾನು ಅಷ್ಟು ಭದ್ರವಾಗಿ ಮಾಡಿದ ಕೆಲಸ ಅದೊಂದೇ. ಸಂಜೆ ಬರುತ್ತಿದ್ದವರು ಯಾರು ಎಂಬುದು ನನಗೆ ಗೊತ್ತಿಲ್ಲ.